ಪಾಠದ ಪರದೆಯ ಮೇಲೆ ಬದಲಾಗುವ ಲೆಕ್ಕ

ಕಂದಾಯ, ಧಾರಣೆ, ಜನಸಂಖ್ಯೆ ಮೊದಲಾದ ಅಂಕಿಗಳನ್ನು ಪರದೆಯ ಮೇಲೆ ತೋರಿಸಿ ಪಾಠ ಹೇಳುವ ಪದ್ಧತಿ ಕಾಲೇಜುಗಳಲ್ಲಿ ರೂಢಿಗೆ ಬಂದಿದೆ. ಬಳ್ಳಾರಿ ಸೀಮೆಯ ಭೂಕಂದಾಯವನ್ನು ಕುರಿತ ಪಾಠವೊಂದರಲ್ಲಿ ಸಿರುಗುಪ್ಪ ತಾಲೂಕಿನ ಸಿರಿಗೇರಿಯ ವಿದ್ಯಾರ್ಥಿಯೊಬ್ಬನು, “ಅರ್ಧ ಹೊಲಕ್ಕೆ ಮಾತ್ರ ಬಾವಿನೀರಿದ್ದವನಿಗೆ ಎಷ್ಟು ಇಳಿಯುತ್ತಿತ್ತು, ಸರ್?” ಎಂದು ಕೇಳಿದನು. ಪರದೆಯ ಮೇಲಿದ್ದುದು ಕೋಷ್ಟಕದ ಚಿತ್ರ ಮಾತ್ರ. ಅದರಿಂದ ಉತ್ತರ ದೊರೆಯುವಂತಿರಲಿಲ್ಲ. ಈ ಕೊರತೆಯನ್ನು ನೀಗುವ ಬಗೆಯನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ.

ಬಳ್ಳಾರಿಯನ್ನೊಳಗೊಂಡ ದತ್ತ ಮಂಡಲಗಳು 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದುವು. ಅವುಗಳ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಹೊಲಗಳನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದನು. ಆ ಕಂದಾಯ ಭಾರವಾದುದೆಂದು ಕಂಡು, 1807ರಲ್ಲಿ ಎಲ್ಲ ಭೂಮಿಗಳಿಗೂ ನೂರಕ್ಕೆ 25ರಂತೆಯೂ, ಬಾವಿಗಳಿಂದ ಅಥವಾ ಹೊಳೆಹಳ್ಳಗಳಿಂದ ನೀರೆತ್ತಿ ಬೆಳೆಯುವ ಭೂಮಿಗಳಿಗೆ ಇನ್ನೂ 8 ಸೇರಿಸಿ 33ರಂತೆಯೂ ಇಳಿಸಬೇಕೆಂದು ಸಲಹೆ ಮಾಡಿದನು.

ಉದಾಹರಣೆಗಾಗಿ ಒಬ್ಬ ರೈತನ ಕಂದಾಯ 100 ವರಹ ಎಂದಿಟ್ಟುಕೊಳ್ಳೋಣ. ಭೂಮಿಯೆಲ್ಲ ಖುಷ್ಕಿಯಾದರೆ 75 ವರಹ, ಎಲ್ಲಕ್ಕೂ ಬಾವಿನೀರಿದ್ದರೆ 67 ವರಹ ಉಳಿಯುತ್ತದೆ. ಕಂದಾಯದ ಅರ್ಧಭಾಗ ಬಾವಿಯ ಭೂಮಿಯದಾದರೆ 37.5 ಮತ್ತು 33.5 ಸೇರಿ 71 ವರಹವಾಗುತ್ತದೆ. ಎಕ್ಸೆಲ್ ಕೋಷ್ಟಕದ ಒಂದು ಮನೆಯಲ್ಲಿ ಕಂದಾಯವನ್ನೂ, ಇನ್ನೊಂದರಲ್ಲಿ ಬಾವಿಭೂಮಿಯ ಪಾಲನ್ನೂ, ಬೇರೆ ಎರಡರಲ್ಲಿ ಇಳಿತದ ದರಗಳನ್ನೂ ಇಟ್ಟು, ಫಲವನ್ನು ಸೂತ್ರಕ್ಕೆ ಬಿಡತಕ್ಕದ್ದು. ದರಗಳನ್ನು ಸೂತ್ರದೊಳಗೆ ಅಡಗಿಸಬಾರದು. ವಿದ್ಯಾರ್ಥಿಯು ಪ್ರಶ್ನಿಸಬೇಕಾದುದು ಅವುಗಳನ್ನೇ.

ಈ ಕೋಷ್ಟಕವನ್ನು ಪವರ್‌ಪಾಯಿಂಟ್ ಸ್ಲೈಡಿಗೆ ಮೂರು ವಿಧವಾಗಿ ತರಬಹುದು. ಚಿತ್ರವಾಗಿ ಅಂಟಿಸಿದರೆ ಲೆಕ್ಕ ನಿಶ್ಚಲವಾಗುತ್ತದೆ. ಕೊಂಡಿಯಾಗಿ ಅಂಟಿಸಿದರೆ ಮೂಲ ಕಡತದ ಬದಲಾವಣೆಯನ್ನು ಸ್ಲೈಡಿಗೂ ತರಬಹುದು. ಆದರೆ ಮೂಲ ಕಡತವನ್ನು ಮನೆಯಲ್ಲಿ ಬಿಟ್ಟು ಬಂದರೆ ಕೊಂಡಿ ಕಡಿಯುತ್ತದೆ. ‘ಇನ್ಸರ್ಟ್’ ಪಟ್ಟಿಯ ‘ಆಬ್ಜೆಕ್ಟ್’ ಎಂಬುದರ ಮೂಲಕ ಹುದುಗಿಸಿದರೆ ಕೋಷ್ಟಕವು ಸೂತ್ರಸಹಿತವಾಗಿ ಸ್ಲೈಡಿನೊಡನೆಯೇ ಬರುತ್ತದೆ. ತರಗತಿಗೆ ಈ ಮೂರನೆಯ ಕ್ರಮವೇ ಅನುಕೂಲವೆಂದು ನಮ್ಮ ಅಭಿಪ್ರಾಯ.

ಹುದುಗಿಸಿದ ಕೋಷ್ಟಕವೂ ಪ್ರದರ್ಶನದ ವೇಳೆಯಲ್ಲಿ ಚಿತ್ರದಂತೆಯೇ ಸುಮ್ಮನಿರುತ್ತದೆ. ಆದುದರಿಂದ ಮುಂಚಿತವಾಗಿ ಅದನ್ನು ಆರಿಸಿ, ‘ಆಕ್ಷನ್’ ಎಂಬಲ್ಲಿ ‘ಆಬ್ಜೆಕ್ಟ್ ಆಕ್ಷನ್’ ಗುರುತಿಸಿ ‘ಓಪನ್’ ಎಂದು ಗೊತ್ತುಪಡಿಸಬೇಕು. ಆಗ ಪಾಠದ ನಡುವೆ ಒತ್ತಿದೊಡನೆ ಕೋಷ್ಟಕ ತೆರೆಯುತ್ತದೆ; ಅಂಕಿ ಬದಲಿಸಿ ಮುಚ್ಚಿದರೆ ಸ್ಲೈಡಿಗೆ ಮರಳಬಹುದು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಇರುವ ಕಡತವನ್ನು ಹುದುಗಿಸಿದಾಗ ಅದರ ಉಳಿದ ಹಾಳೆಗಳೂ ಜೊತೆಗೇ ಹೋಗುತ್ತವೆ. ಅಂಕಪಟ್ಟಿಯಿರುವ ಕಡತದಿಂದ ಲೆಕ್ಕವನ್ನು ತೆಗೆದು ವಿದ್ಯಾರ್ಥಿಗಳಿಗೆ ಹಂಚುವುದು ಸಲ್ಲದು.

ಇಷ್ಟಾದರೂ ಕೋಷ್ಟಕವು ಹೇಳುವುದು ಮನ್ರೋನ ಸಲಹೆಯ ಫಲವನ್ನೇ ಹೊರತು ರೈತನು ತೆತ್ತ ಹಣವನ್ನಲ್ಲ. ಆ ಸಲಹೆ ಕೂಡಲೇ ಜಾರಿಗೆ ಬರಲಿಲ್ಲ. ಅವನು ಹೊರಟುಹೋದ ಮೇಲೆ ಗ್ರಾಮಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಂದಿತು. ಸಿರಿಗೇರಿಯ ವಿದ್ಯಾರ್ಥಿಗೆ 71 ಎಂಬ ಉತ್ತರವನ್ನು ಕೊಟ್ಟ ತರುವಾಯ, ಅಷ್ಟನ್ನೇ ತೆರಲಾಯಿತೆ ಎಂಬ ಮುಂದಿನ ಪ್ರಶ್ನೆಯನ್ನು ಅವನ ಮುಂದಿಡುವುದು ಅಧ್ಯಾಪಕನ ಕರ್ತವ್ಯವಾಗಿದೆ. ಅದಕ್ಕೆ ಉತ್ತರವನ್ನು ದಫ್ತರಗಳಲ್ಲಿಯೇ ಹುಡುಕಬೇಕು.