ಬಣ್ಣದಡಿಯ ಗುಟ್ಟು

ನಮ್ಮ ಬಿಳಿ ಮಾರುತಿ 800ಕ್ಕೆ ಈಗ ಇಪ್ಪತ್ತೆಂಟು ವರ್ಷ. 1983ರ ಡಿಸೆಂಬರ್‌ನಲ್ಲಿ ಮೊದಲು ರಸ್ತೆಗಿಳಿದ ಈ ಮಾದರಿಯ ತಯಾರಿಕೆ 2014ರಲ್ಲೇ ನಿಂತಿತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಾಲ ಮಾಡಿ ಕೊಂಡ ಕಾರು. ‘ಗುಜರಿಗೆ ಹಾಕಿಬಿಡಿ ಅಪ್ಪಾ’ ಅನ್ನುತ್ತಾನೆ ಮಗ. ಆದರೆ ನನ್ನಾಕೆಯ ತವರು ಮೊಳಕಾಲ್ಮೂರು. ಚಳ್ಳಕೆರೆಯಿಂದ ಅಲ್ಲಿಗೆ ಹೋಗಲು ಅವಳಿಗೆ ಈ ಕಾರೇ ಆಗಬೇಕು.

ಎರಡು ವರ್ಷದ ಹಿಂದೆ ಬಣ್ಣ ಹೊಡೆಸಿದ್ದೆ. ಆ ಪೇಂಟರ್ ಬಟ್ಟೆಯಲ್ಲಿ ಧೂಳು ಒರೆಸಿ, ಒಂದೇ ದಿನದಲ್ಲಿ ಕೆಲಸ ಮುಗಿಸಿಕೊಟ್ಟ. ಒಂದು ಮಳೆಗಾಲಕ್ಕೇ ಬಣ್ಣ ಗುಳ್ಳೆ ಎದ್ದಿತು, ಉಗುರು ತಾಗಿಸಿದರೆ ಈರುಳ್ಳಿ ಸಿಪ್ಪೆಯಂತೆ ಬಂತು. ನಮ್ಮೂರ ಮಳೆ ಎಷ್ಟೆಂದು ನಿಮಗೆ ಗೊತ್ತೇ ಇದೆ!

ನನ್ನ ಭಾವಮೈದ ಮೊಳಕಾಲ್ಮೂರಿನಲ್ಲಿ ಸೀರೆ ನೇಯುತ್ತಾನೆ. ಅವನು ನಕ್ಕ. ‘ರೇಷ್ಮೆ ನೂಲಿಗೆ ಬಣ್ಣ ಹಾಕೋ ಮುಂಚೆ ಸೋಪು, ಸೋಡಾ ನೀರಲ್ಲಿ ಕುದಿಸಿ ಅಂಟು ತೆಗೀತೀವಿ. ನೂಲಿನ ತೂಕದಾಗೆ ಹೆಚ್ಚುಕಮ್ಮಿ ಕಾಲುಭಾಗ ಆ ಅಂಟೇ. ಅದು ಹೋಗ್ದೆ ಬಣ್ಣ ಸರಿಯಾಗಿ ಹಿಡಿಯಲ್ಲ. ನಿಮ್ಮ ಕಾರಿನ ಅಂಟು ತೆಗೆಸಿದ್ರಾ ಭಾವ?’

ಈ ಸಲ ಬೇರೆ ಶೆಡ್ಡು, ವಯಸ್ಸಾದ ಮೇಸ್ತ್ರಿ. ದಸರಾ ರಜೆಗೆ ಬಂದಿದ್ದ ಮೊಮ್ಮಗನ ಜೊತೆ ನಾನೂ ಕುರ್ಚಿ ಹಾಕಿಕೊಂಡು ಕೂತೆ.

ಮೊದಲು ಸೋಪುನೀರಿನಲ್ಲಿ ತೊಳೆದರು. ಆಮೇಲೆ ಮೇಣ, ಎಣ್ಣೆ ಬಿಡಿಸುವ ದ್ರಾವಣವನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣಬಟ್ಟೆಯಲ್ಲಿ ಎತ್ತಿದರು. ಈ ಕೆಲಸ ಬಿಟ್ಟು ಉಜ್ಜಿದರೆ, ಕಾಗದ ಗೀರಿದ ಗೆರೆಗಳೊಳಗೆ ಪಾಲಿಶ್‌ನ ಮೇಣ ಸೇರಿಕೊಳ್ಳುತ್ತದಂತೆ. ನನ್ನ ಮೊದಲ ಬಣ್ಣ ಕೆಟ್ಟಿದ್ದು ಇಲ್ಲೇ.

ಹಳೆ ಬಣ್ಣವನ್ನೆಲ್ಲ ಕಿತ್ತುಹಾಕಬೇಕೆಂದು ನಾನು ತಿಳಿದಿದ್ದೆ. ಹಾಗಲ್ಲ. ಗುಳ್ಳೆ ಎದ್ದ ಬಣ್ಣ ಪೂರ್ತಿ ಹೋಯಿತು. ಕಂಪನಿಯ ಮೂಲ ಬಣ್ಣ ಗಟ್ಟಿಯಾಗಿದ್ದ ಕಡೆ 400 ನಂಬರಿನ ವಾಟರ್ ಪೇಪರ್‌ನಿಂದ ಹೊಳಪನ್ನಷ್ಟೇ ತೆಗೆದರು. ಮಕ್ಕಳೇ, ನಂಬರು ಹೆಚ್ಚಿದಷ್ಟೂ ಕಾಗದ ನಯ. ತುಕ್ಕು ಹಿಡಿದ ಕಡೆ ಒರಟು ಕಾಗದದಿಂದ ತಗಡು ಕಾಣುವವರೆಗೂ ಉಜ್ಜಿ, ಸುತ್ತಲಿನ ಬಣ್ಣದ ಅಂಚನ್ನು ಇಳಿಜಾರು ಮಾಡಿದರು. ಅಂಚು ಮೆಟ್ಟಿಲಿನಂತೆ ಉಳಿದರೆ ಹೊಸ ಬಣ್ಣದ ಮೇಲೂ ಎದ್ದು ಕಾಣುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿ ಅಂಗೈ ಆಡಿಸಿಯೇ ಅಂಚು ಪತ್ತೆ ಮಾಡುತ್ತಿದ್ದರು.

ಮೊಮ್ಮಗ ತಾನೂ ಉಜ್ಜುತ್ತೇನೆಂದು ಹಟ ಹಿಡಿದ. ಬಿಡಲಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳ ಮಿದುಳಿಗೆ ಕೆಡುಕು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದು ಕಡಿಮೆ, ಆದರೂ ದೂರವೇ ಕೂರಿಸಿದೆ.

ಅಲ್ಲಿಂದಲೇ ಅವನು ಕೂಗಿದ, ‘ತಾತಾ, ಇಲ್ಲಿ ಹಳದಿ!’ ಹಿಂದಿನ ಎಡ ಮಡ್‌ಗಾರ್ಡಿನಲ್ಲಿ ಅಂಗೈಯಗಲ ದಪ್ಪ ಪುಟ್ಟಿ. ‘ಯಾವತ್ತೋ ಗುದ್ದಿದೆ ಸಾರ್’ ಎಂದರು ಮೇಸ್ತ್ರಿ. ಸಾಧ್ಯವೇ ಇಲ್ಲ ಅಂದೆ. ಒಂದು ಗೀರಾದರೂ ಲೆಕ್ಕವಿಟ್ಟವನು ನಾನು!

ಮಗಳಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ಜೋರು ನಗು. 2003ರಲ್ಲಿ ಮೊಳಕಾಲ್ಮೂರಿನಲ್ಲಿ ಕಾರು ಕಲಿಯುವಾಗ ಹಿಂದಕ್ಕೆ ತೆಗೆದು ಕಾಂಪೌಂಡಿಗೆ ಗುದ್ದಿದ್ದಳಂತೆ. ಅಪ್ಪನಿಗೆ ತಿಳಿಯಬಾರದೆಂದು, ನಾನು ಊರಲ್ಲಿಲ್ಲದ ವಾರ ರಿಪೇರಿ ಮಾಡಿಸಿದವನು ಅವಳ ಮಾವ. ಹೌದು, ಅಂಟಿನ ಪಾಠ ಹೇಳಿದ ಅದೇ ಭಾವಮೈದ! ನನ್ನಾಕೆಗೂ ಗೊತ್ತಿತ್ತು.

ಪುಟ್ಟಿಯನ್ನು ಕೀಳಬೇಕೇ ಎಂದು ಕೇಳಿದೆ. ಮೇಸ್ತ್ರಿ ಬೆರಳಿನಿಂದ ತಟ್ಟಿ ನೋಡಿದರು. ‘ಗಟ್ಟಿಯಾಗಿದೆ ಸಾರ್. ಹಚ್ಚಿದವನು ಚೆನ್ನಾಗಿ ಉಜ್ಜಿ ಹಚ್ಚಿದ್ದಾನೆ. ಇರಲಿ ಬಿಡಿ.’

ಅದರ ಮೇಲೆಯೇ ಬೂದು ಪ್ರೈಮರ್ ಬಿತ್ತು. ಗಾಳಿ, ಧೂಳು ನಿಂತ ದಿನ ಬಿಳಿ ಬಣ್ಣ.