ಸೈಕಲ್ಲಿನ ಮೇಲೆ ಸಾಮಾನು ಹೇರುವ ಬಗೆ

ಕಳೆದ ಬೇಸಗೆಯ ರಜೆಯಲ್ಲಿ ನಾನೂ ನನ್ನ ಮಿತ್ರನೊಬ್ಬನೂ ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಗಳ ಮಾರ್ಗವಾಗಿ ಉಡುಪಿಗೆ ಸೈಕಲ್ ಪ್ರವಾಸ ಹೊರಟೆವು. ಹಾಸಿಗೆ, ಅವಲಕ್ಕಿಯ ಡಬ್ಬಿ, ಸ್ಟೌವು, ನಾಲ್ಕು ಪುಸ್ತಕ ಎಲ್ಲವನ್ನೂ ಒಂದೇ ಗಂಟು ಮಾಡಿ ಕ್ಯಾರಿಯರಿನ ಮೇಲೆ ಗೋಪುರದಂತೆ ಕಟ್ಟಿದ್ದೆ. ತೂಕ 12 ಕಿಲೋ. ಗೆಳೆಯರನ್ನೇ ಹಿಂದೆ ಕೂರಿಸಿಕೊಂಡು ಕಾಲೇಜಿಗೆ ಬರುವವನಿಗೆ ಇದೇನು ಮಹಾ ಎಂಬುದು ನನ್ನ ಧೈರ್ಯ. ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತಿತ್ತು, ನನ್ನ ದಣಿವಿರಬೇಕೆಂದುಕೊಂಡೆ. ಆಗುಂಬೆ ಘಾಟಿಯನ್ನು ಇಳಿಯುವಾಗ, ತಿರುವೊಂದರಲ್ಲಿ ಹ್ಯಾಂಡಲ್ಲು ಗಡಗಡನೆ ನಡುಗಿ, ಗಂಟು ವಾಲಿ, ನಾನು ಗುಡ್ಡದ ಕಡೆಯ ಚರಂಡಿಗೆ ಬಿದ್ದೆ. ಕಣಿವೆಯ ಕಡೆಗೆ ವಾಲಿದ್ದರೆ ಈ ಲೇಖನ ಬರೆಯಲು ನಾನಿರುತ್ತಿರಲಿಲ್ಲ.

ಘಾಟಿಯ ಬುಡದ ಸೋಮೇಶ್ವರದಲ್ಲಿ ಸೈಕಲ್ ರಿಪೇರಿಯ ಮುದುಕರೊಬ್ಬರು ಮುರಿದ ಕಡ್ಡಿಗಳನ್ನು ಬದಲಿಸುತ್ತ, "ಎಂತ ಮಾರಾಯ, ಸೈಕಲ್ಲಿಗೆ ಎರಡು ಚಕ್ರ ಉಂಟಲ್ಲ, ಒಂದಕ್ಕೇ ಎಲ್ಲ ಹೊರಿಸುವುದಾ?" ಎಂದರು.

ಉಡುಪಿಯಲ್ಲಿ ಕುಳಿತು ಆ ಮಾತಿಗೆ ಲೆಕ್ಕ ಹಾಕಿದೆ. ಸವಾರನ ತೂಕದಲ್ಲೇ ಅರ್ಧಕ್ಕಿಂತ ಹೆಚ್ಚು ಹಿಂದಿನ ಚಕ್ರದ ಮೇಲಿರುತ್ತದೆ. ಗಂಟಿನ ನಡು ಹಿಂದಿನ ಅಚ್ಚಿಗಿಂತ 15 ಸೆಂಟಿಮೀಟರ್ ಹಿಂದಿದೆ, ಎರಡು ಅಚ್ಚುಗಳ ನಡುವೆ 115 ಸೆಂಟಿಮೀಟರ್ ಇದೆ ಎನ್ನೋಣ. 12ನ್ನು 15ರಿಂದ ಗುಣಿಸಿ 115ರಿಂದ ಭಾಗಿಸಿದರೆ ಸುಮಾರು ಒಂದೂವರೆ ಕಿಲೋ. ಏತದ ಒಂದು ತುದಿ ತಗ್ಗಿದರೆ ಇನ್ನೊಂದು ಏಳುವಂತೆ, ಅಷ್ಟು ತೂಕ ಮುಂದಿನ ಚಕ್ರದಲ್ಲಿ ಕಡಿಮೆಯಾಗಿ ಹಿಂದಿನದಕ್ಕೆ ಸೇರುತ್ತದೆ. ಹೇರಿದ್ದು 12, ಹಿಂದಿನ ಚಕ್ರ ಹೊತ್ತದ್ದು ಹದಿಮೂರೂವರೆ! ಏರಿನಲ್ಲಿ ಇದು ಇನ್ನೂ ಹೆಚ್ಚು.

ಗಂಟಿನ ಎತ್ತರ ಮತ್ತೊಂದು ಕೇಡು. ಹಿಂದೆ ಕುಳಿತ ಗೆಳೆಯ ತಿರುವಿನಲ್ಲಿ ನಮ್ಮೊಡನೆ ತಾನೂ ವಾಲುತ್ತಾನೆ. ಗಂಟಿಗೆ ಆ ಬುದ್ಧಿಯಿಲ್ಲ. ಅದು ತಡವಾಗಿ ವಾಲಿ, ಕ್ಯಾರಿಯರನ್ನು ತಿರುಚಿ, ಆ ಅಲುಗಾಟವನ್ನು ಹ್ಯಾಂಡಲ್ಲಿಗೆ ದಾಟಿಸುತ್ತದೆ.

ಹಿಂದೆ ಹೇರೆತ್ತಿನ ಬೆನ್ನಿನ ಎರಡು ಕಡೆಗೂ ಜೋತುಬಿಡುತ್ತಿದ್ದ ಹಸುಬೆಯೇ ಇದಕ್ಕೆ ಮಾದರಿ. ಕ್ಯಾರಿಯರಿನ ಎರಡು ಪಕ್ಕಕ್ಕೂ ಸಮತೂಕದ ಚೀಲಗಳನ್ನು ಅಚ್ಚಿನ ಮಟ್ಟಕ್ಕೆ ಇಳಿಬಿಡಬೇಕು. ಸ್ಟೌವು, ಪುಸ್ತಕ ತಳಕ್ಕೆ, ಬಟ್ಟೆ ಮೇಲಕ್ಕೆ. ಪೆಡಲು ತುಳಿಯುವಾಗ ಹಿಮ್ಮಡಿ ತಾಗದಷ್ಟು ಹಿಂದಿದ್ದರೆ ಸಾಕು. ಮೂರು ನಾಲ್ಕು ಕಿಲೋ ಮುಂದಿನ ಚಕ್ರದ ಪಕ್ಕಗಳಿಗೂ ಹಂಚಿ ಬಿಗಿಯಬೇಕು. ಹ್ಯಾಂಡಲ್ಲಿಗೆ ಮಾತ್ರ ಚೀಲ ನೇತುಹಾಕಬಾರದು. ತೂಗಾಡಿ ಕಡ್ಡಿಗಳಿಗೆ ಸಿಕ್ಕಿದರೆ ಸವಾರ ತಲೆಕೆಳಗಾಗುತ್ತಾನೆ. ಕಟ್ಟುವುದಕ್ಕೆ ಹುರಿಗಿಂತ ಹಳೆಯ ಟ್ಯೂಬಿನ ಪಟ್ಟಿ ಮೇಲು, ಕುಲುಕಾಟಕ್ಕೆ ಸಡಿಲವಾಗುವುದಿಲ್ಲ. ಹಿಂದಿನ ಟೈರಿಗೆ ಗಾಳಿ ಸ್ವಲ್ಪ ಹೆಚ್ಚಿರಲಿ.

ಉಡುಪಿಯಲ್ಲಿ ಗೋಣಿತಟ್ಟಿನ ಚೀಲಗಳನ್ನು ಹೊಲಿಸಿಕೊಂಡು ಹೀಗೆಯೇ ಕಟ್ಟಿ ಮರಳಿದೆವು. ಹ್ಯಾಂಡಲ್ಲು ಮತ್ತೆ ನಡುಗಲಿಲ್ಲ. ಘಾಟಿಯನ್ನೇನೋ ತಳ್ಳಿಕೊಂಡೇ ಹತ್ತಬೇಕಾಯಿತು. ಅದಕ್ಕೆ ಯಾವ ಹಸುಬೆಯೂ ಮದ್ದಲ್ಲ.