ಲೋಪಸಂಧಿ

‘ಊರು’ ‘ಊರು’ ಸೇರಿ ‘ಊರೂರು’ ಆಗುವಾಗ ಒಂದು ಸ್ವರ ಲೋಪವಾದರೂ ಪದಕ್ಕೆ ನೋವಿಲ್ಲವೆಂದು ತರಗತಿಯಲ್ಲಿ ಬೋಧಿಸುತ್ತೇನೆ. ರಜೆಯಲ್ಲಿ ತೊಗರ್ಸಿಯ ಮಲ್ಲಿಕಾರ್ಜುನ ದೇಗುಲದ ಕಂಬಕ್ಕೊರಗಿ ಕುಳಿತಾಗ ದೇಹದ ಸಂಧಿಗಳ ನೆನಪಾಯಿತು. ಕಂಬ ಜಡ, ನಮ್ಮ 206 ಎಲುಬುಗಳಾದರೋ ಸಜೀವ. ಹಳೆಯದು ಕರಗಿ ಹೊಸದು ಕಟ್ಟಿಕೊಳ್ಳುತ್ತಲೇ ಇರುತ್ತದೆ. ಆದರೆ ಕೀಲಿನಲ್ಲಿ ಎಲುಬಿನ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಸವೆದರೆ ಮತ್ತೆ ಬೆಳೆಯುವುದು ದುಸ್ತರ.

ನಮ್ಮ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ವ್ಯಾಧಿ ಇಂತಹುದೇ. ಸೊಂಟದ ಕೀಲು ಕೆಟ್ಟು, ಗದ್ದೆಯಲ್ಲಿ ದುಡಿಯುತ್ತಿದ್ದ ಬಡವರು ನಡೆಯಲಾರದಾದರು. ಅದು ವಂಶಪಾರಂಪರ್ಯವೆಂದು ಸಂಶೋಧಕರು ಕಂಡುಕೊಂಡರು; ಗುಣಪಡಿಸುವ ಮದ್ದು ಮಾತ್ರ ದೊರೆತಿಲ್ಲ.

ವ್ಯಾಕರಣದ ಲೋಪಕ್ಕೆ ಸೂತ್ರವುಂಟು. ಈ ಲೋಪಕ್ಕೆ ನೆರೆಯವರ ಆಸರೆಯಾದರೂ ಬೇಡವೇ?